ಅಪ್ಪ-ಅಮ್ಮನಿಗೆ ಒಂದೇ ಒಂದು ಸಲ ಫಸ್ಟ್ ಕ್ಲಾಸ್: ಬೆಂಗಳೂರಿನಿಂದ ನ್ಯೂಯಾರ್ಕ್‌ಗೆ ಯಾವುದು ವಾಸಿ?

ಗಿರಿನಗರ_ಹುಡುಗಿ:

ನಮಸ್ಕಾರ ಎಲ್ಲರಿಗೂ. ಅಪ್ಪನಿಗೆ 70 ಆಯ್ತು, ಹೋದ ತಿಂಗಳು ಭೀಮರಥ ಶಾಂತಿ ಮುಗಿಸಿದೆವು. ಅಣ್ಣ ಇರುವುದು ನ್ಯೂಜೆರ್ಸಿಯಲ್ಲಿ. ಅವನಿಗೆ ಮಗು ಹುಟ್ಟಿ ಎಂಟು ತಿಂಗಳಾದರೂ ಇವರಿಬ್ಬರು ಇನ್ನೂ ಹೋಗಿ ನೋಡಿಲ್ಲ. ಕಾರಣ ಅಮ್ಮನ ಮಂಡಿ. ಹಿಂದೆ ಒಂದು ಸಲ ಎಕಾನಮಿಯಲ್ಲಿ ಹೋಗಿ ಬಂದಾಗ ಕಾಲು ಊದಿಕೊಂಡು ಎರಡು ವಾರ ಮೆಟ್ಟಿಲು ಹತ್ತಿರಲಿಲ್ಲ. "ವೀಡಿಯೋ ಕಾಲ್‌ನಲ್ಲೇ ನೋಡ್ತೀನಿ ಬಿಡೇ" ಅನ್ನುತ್ತಾರೆ, ಆಮೇಲೆ ಫೋನ್ ಇಟ್ಟು ಸುಮ್ನೆ ಕೂತಿರುತ್ತಾರೆ.

ಅದಕ್ಕೆ ಅಣ್ಣನೂ ನಾನೂ ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಒಂದೇ ಸಲ, ಫಸ್ಟ್ ಕ್ಲಾಸ್. ಬಿಸಿನೆಸ್ ಅಲ್ಲ, ಫಸ್ಟ್. ಎಷ್ಟು ದುಡ್ಡು ಅಂತ ಅಪ್ಪನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ಹೇಳಿದರೆ "ಆ ದುಡ್ಡಿಗೆ ನಾನು ಗಿರಿನಗರದಲ್ಲಿ ಸೈಟ್ ತಗೊಂಡಿದ್ದೆ" ಅಂತ ಶುರು ಮಾಡುತ್ತಾರೆ.

ಯಾವ ಏರ್‌ಲೈನ್ ಅಂತ ಹುಡುಕಿ ಹುಡುಕಿ ತಲೆ ಕೆಟ್ಟಿದೆ. ಒಬ್ಬರು ಎಮಿರೇಟ್ಸ್ ಅಂತಾರೆ, ಒಬ್ಬರು ಸಿಂಗಾಪುರ್, ಇನ್ನೊಬ್ಬರು ಲುಫ್ತಾನ್ಸಾ. ವೀಡಿಯೋ ಮಾಡುವವರೆಲ್ಲ ಶಾಂಪೇನ್ ಬಾಟಲಿ ತೋರಿಸುತ್ತಾರೆ. ನಮ್ಮ ಮನೆಯಲ್ಲಿ ಈರುಳ್ಳಿ ಹಾಕುವುದಕ್ಕೂ ವಾರ ನೋಡುತ್ತಾರೆ ಸ್ವಾಮಿ. ನನಗೆ ಬೇಕಿರುವುದು ಇಷ್ಟೇ: ಇಬ್ಬರೂ ಅಕ್ಕಪಕ್ಕ ಇರಬೇಕು, ಅಮ್ಮ ಕಾಲು ಚಾಚಿ ಮಲಗಬೇಕು, ನಡೆಯುವುದು ಕಮ್ಮಿ ಇರಬೇಕು, ಸಸ್ಯಾಹಾರದ ಊಟ ಸರಿಯಾಗಿ ಸಿಗಬೇಕು. ಗೊತ್ತಿರುವವರು ಹೇಳಿ.

ಮೈಲ್ಸ್_ಮಾಮ:

ಮೇಡಂ, ಮೊದಲ ತಪ್ಪು ಎಲ್ಲರೂ ಮಾಡುವುದೇ: ಏರ್‌ಲೈನ್ ಹೋಲಿಸುವುದು. ಏರ್‌ಲೈನ್ ಬಿಡಿ, ಯಾವ ವಿಮಾನ ಹಾರುತ್ತದೆ ಅಂತ ನೋಡಿ. ಒಂದೇ ಕಂಪನಿ, ಒಂದೇ "ಫಸ್ಟ್" ಅನ್ನುವ ಹೆಸರು, ಆದರೆ ಒಂದು ವಿಮಾನದಲ್ಲಿ ಅರಮನೆ, ಇನ್ನೊಂದರಲ್ಲಿ ಫಸ್ಟ್ ಕ್ಲಾಸೇ ಇಲ್ಲ.

ಸಿಂಗಾಪುರ್ ತಗೊಳ್ಳಿ. ಅವರ ಎ380 ಅನ್ನುವ ಎರಡು ಮಹಡಿಯ ದೊಡ್ಡ ವಿಮಾನದಲ್ಲಿ, ಮೇಲಿನ ಮಹಡಿಯಲ್ಲಿ ಆರೇ ಆರು ಸ್ವೀಟ್, ಅಂದರೆ ಪುಟ್ಟ ಕೋಣೆ. ಕುರ್ಚಿ ಬೇರೆ, ಮಂಚ ಬೇರೆ. ಕೆಲವು ಸ್ವೀಟ್‌ಗಳ ನಡುವಿನ ಗೋಡೆ ಇಳಿಸಿದರೆ ಎರಡೂ ಸೇರಿ ಡಬಲ್ ಬೆಡ್. ನನ್ನನ್ನು ಕೇಳಿದರೆ ಗಂಡ-ಹೆಂಡತಿ ಪ್ರಯಾಣ ಮಾಡುವುದಕ್ಕೆ ಆಕಾಶದಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಆ ವಿಮಾನ ಬೆಂಗಳೂರಿಗೆ ಬರಲ್ಲ, ಮುಂಬೈ, ದೆಹಲಿಗೆ ಹೋಗುತ್ತದೆ. ಇನ್ನೊಂದು ತಮಾಷೆ ಕೇಳಿ: ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ನೇರವಾಗಿ ಹೋಗುವ ಎ350, ಪ್ರಪಂಚದ ಅತಿ ಉದ್ದದ ಹಾರಾಟ, 15,000 ಕಿಲೋಮೀಟರಿಗೂ ಜಾಸ್ತಿ. ಅದರಲ್ಲಿ ಫಸ್ಟ್ ಕ್ಲಾಸ್ ಇಲ್ಲ! (ಎಕಾನಮಿಯೂ ಇಲ್ಲ, ಬಿಸಿನೆಸ್ ಮತ್ತು ಪ್ರೀಮಿಯಂ ಎಕಾನಮಿ ಮಾತ್ರ.) ಅದೂ ಅಲ್ಲದೆ ಅಮೆರಿಕಕ್ಕೆ ಹೋಗುವವರು ಮೊದಲು ಪೂರ್ವಕ್ಕೆ ಹೋಗುವುದು ಮೈಸೂರಿಗೆ ಹೋಗಲು ಕೋಲಾರಕ್ಕೆ ಬಸ್ ಹತ್ತಿದ ಹಾಗೆ.

ಎಮಿರೇಟ್ಸ್‌ನ ಎ380 2022ರ ಅಕ್ಟೋಬರ್‌ನಿಂದ ಬೆಂಗಳೂರಿಗೇ ಬರುತ್ತಿದೆ. ಮೇಲಿನ ಮಹಡಿಯ ಮುಂದಿನ ತುದಿಯಲ್ಲಿ 14 ಫಸ್ಟ್ ಸ್ವೀಟ್, ಎರಡು ಸ್ನಾನದ ಕೋಣೆ. ಹೌದು, ವಿಮಾನದಲ್ಲಿ ಶವರ್. ಮೊದಲೇ ಟೈಮ್ ಹೇಳಿ ಬುಕ್ ಮಾಡಬೇಕು, ಒಬ್ಬರಿಗೆ 5 ನಿಮಿಷದ ನೀರು. ಟ್ಯಾಂಕರ್ ನೀರಲ್ಲಿ ಬದುಕುವ ಬೆಂಗಳೂರಿನವರಿಗೆ ಅದು ಧಾರಾಳ. ಮಧ್ಯದ ಎರಡು ಸೀಟು ಜೋಡಿ, ನಡುವಿನ ತಡೆ ಇಳಿಸಿಕೊಂಡು ಮಾತಾಡಿಕೊಂಡು ಹೋಗಬಹುದು. ದುಬೈಯಿಂದ ನ್ಯೂಯಾರ್ಕ್‌ನ ಜೆಎಫ್‌ಕೆಗೂ ಎ380 ಇದೆ. ನಿಮಗೆ ಹೊಂದುವುದು ಇದೇ.

ಆದರೆ ಎಚ್ಚರ! ಎಮಿರೇಟ್ಸ್‌ನ ಕೆಲವು ಬೋಯಿಂಗ್ 777 ವಿಮಾನಗಳಲ್ಲಿ 2017ರಲ್ಲಿ ತಂದ ಹೊಸ ಫಸ್ಟ್ ಇದೆ. ಆರೇ ಸ್ವೀಟ್, ನೆಲದಿಂದ ಚಾವಣಿವರೆಗೆ ಗೋಡೆ, ಬಾಗಿಲು ಹಾಕಿದರೆ ಪೂರ್ತಿ ಕೋಣೆ. ಮಧ್ಯದ ಸ್ವೀಟಿಗೆ ಕಿಟಕಿ ಇಲ್ಲ ಅಂತ ಹೊರಗಿನ ಕ್ಯಾಮೆರಾ ದೃಶ್ಯ ತೋರಿಸುವ ನಕಲಿ ಕಿಟಕಿ ಇಟ್ಟಿದ್ದಾರೆ. ವೀಡಿಯೋದವರು ಕುಣಿದಾಡುವುದು ಇದಕ್ಕೇ. ಆದರೆ ಸಾಲಿಗೆ 1-1-1, ಅಂದರೆ ಯಾರಿಗೂ ಜೋಡಿ ಇಲ್ಲ. 14 ಗಂಟೆ ಅಮ್ಮ ಒಂದು ಕೋಣೆ, ಅಪ್ಪ ಒಂದು ಕೋಣೆ. ಒಬ್ಬರೇ ಹೋಗುವವರಿಗೆ ಸ್ವರ್ಗ, ನಿಮ್ಮ ಕೇಸಿಗೆ ಬೇಡ.

ಲುಫ್ತಾನ್ಸಾ 747-8ರಲ್ಲಿ ಕೆಳಗಿನ ಮಹಡಿಯ ಮೂಗಿನ ಭಾಗದಲ್ಲಿ ಎಂಟು ಸೀಟು. ಬಾಗಿಲಿಲ್ಲ, ಶವರ್ ಇಲ್ಲ, ಆದರೆ ನಿಶ್ಶಬ್ದ. ಫ್ರಾಂಕ್‌ಫರ್ಟ್‌ನಲ್ಲಿ ಫಸ್ಟ್ ಕ್ಲಾಸಿನವರಿಗೆ ಅಂತಲೇ ಬೇರೆ ಟರ್ಮಿನಲ್ ಇದೆ, 2004ರಿಂದ. ಅಲ್ಲಿಂದ ಕಾರಿನಲ್ಲಿ ನೇರ ವಿಮಾನದ ಬಾಗಿಲಿಗೆ ಬಿಡುತ್ತಾರೆ. ಮಂಡಿ ನೋವಿಗೆ ಇದು ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಆದರೆ ಆ ಕಟ್ಟಡ ಇಮಿಗ್ರೇಷನ್‌ನಿಂದ ಆಚೆ ಇದೆ. ಬೆಂಗಳೂರಿನಿಂದ ಬಂದು ಅಮೆರಿಕಕ್ಕೆ ವಿಮಾನ ಬದಲಿಸುವವರು ಅಲ್ಲಿಗೆ ಹೋಗಬೇಕಾದರೆ ಷೆಂಗೆನ್ (ಯುರೋಪಿನ) ವೀಸಾ ಬೇಕು. ಇಲ್ಲದಿದ್ದರೆ ಒಳಗಿರುವ ಫಸ್ಟ್ ಲೌಂಜ್‌ನಲ್ಲೇ ಕೂರಬೇಕು. ಇದನ್ನು ವೀಡಿಯೋದಲ್ಲಿ ಯಾರೂ ಹೇಳಲ್ಲ.

ಎತಿಹಾದ್‌ನ ಎ380 2024ರಿಂದ ಅಬುಧಾಬಿ-ನ್ಯೂಯಾರ್ಕ್ ಹಾರುತ್ತಿದೆ. ಒಂಬತ್ತು "ಅಪಾರ್ಟ್‌ಮೆಂಟ್", ಕುರ್ಚಿಯ ಎದುರು ಉದ್ದಕ್ಕೆ ಬೇರೆ ಹಾಸಿಗೆ. ಅದಕ್ಕಿಂತ ದೊಡ್ಡ ಲಾಭ ಏನು ಗೊತ್ತಾ? ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಯುತ್ತದೆ. ನ್ಯೂಯಾರ್ಕ್‌ನಲ್ಲಿ ಇಳಿದರೆ ಬ್ಯಾಗ್ ತಗೊಂಡು ನಡೆ. ವಯಸ್ಸಾದವರಿಗೆ ಜೆಎಫ್‌ಕೆ ಕ್ಯೂ ತಪ್ಪುವುದು ಸಣ್ಣ ವಿಷಯ ಅಲ್ಲ. ಆದರೆ ಆ ಎ380 ಬೆಂಗಳೂರಿಗೆ ಬರಲ್ಲ, ಅಬುಧಾಬಿವರೆಗೆ ಚಿಕ್ಕ ವಿಮಾನ.

ಪಾಯಿಂಟ್ಸ್ ಹಾಕಿ ಮಾಡೋಣ ಅಂತಿದ್ದರೆ ಒಂದು ಮಾತು: 2025ರ ಮೇ ತಿಂಗಳಿಂದ ಎಮಿರೇಟ್ಸ್ ಫಸ್ಟ್‌ಗೆ ಮೈಲ್ಸ್ ಬಳಸಲು ಸ್ಕೈವಾರ್ಡ್ಸ್ ಅನ್ನುವ ಅವರ ಪಾಯಿಂಟ್ಸ್ ಯೋಜನೆಯಲ್ಲಿ ಸಿಲ್ವರ್ ಅಥವಾ ಮೇಲಿನ ದರ್ಜೆ ಇರಬೇಕು. ನಾನು ಮೂರು ವರ್ಷ ಕಾರ್ಡ್ ಉಜ್ಜಿ ಕೂಡಿಟ್ಟಿದ್ದೆ, ಹೊಟ್ಟೆ ಉರೀತು.

ದೇವನಹಳ್ಳಿ_ಚಕ್ಕೋತ:

ಮಾಮ ಚೆನ್ನಾಗಿ ಬರೆದಿದ್ದಾರೆ, ಆದರೆ ಒಬ್ಬರಾದರೂ ಕೇಳಬೇಕಲ್ಲ: ಫಸ್ಟ್ ಯಾಕೆ? ಹಿಂದೆ ಬಿಸಿನೆಸ್ ಅಂದರೆ ಸ್ವಲ್ಪ ಅಗಲ ಕುರ್ಚಿ ಅಷ್ಟೇ. ಈಗ ಕತಾರ್‌ನವರ ಕ್ಯೂಸ್ವೀಟ್‌ನಲ್ಲಿ ಬಾಗಿಲು ಇದೆ, ಚಪ್ಪಟೆ ಹಾಸಿಗೆ ಇದೆ, ಮಧ್ಯದ ಎರಡು ಸೇರಿಸಿದರೆ ಡಬಲ್ ಬೆಡ್ಡೂ ಆಗುತ್ತದೆ. ಅದು ಬಿಸಿನೆಸ್! ಕತಾರ್‌ನಲ್ಲಿ ಫಸ್ಟ್ ಇರುವುದು ಎ380ಯಲ್ಲಿ ಮಾತ್ರ. ಏರ್ ಇಂಡಿಯಾದ ಹೊಸ ಎ350 ನೋಡಿ, 28 ಬಿಸಿನೆಸ್, 24 ಪ್ರೀಮಿಯಂ, 264 ಎಕಾನಮಿ, ಫಸ್ಟ್ ಸೊನ್ನೆ. ಬಿಸಿನೆಸ್‌ಗೇ ಬಾಗಿಲು ಹಾಕಿಕೊಟ್ಟ ಮೇಲೆ ಫಸ್ಟ್‌ಗೆ ದುಡ್ಡು ಕೊಡುವವರು ಯಾರು? ಅದಕ್ಕೇ ಒಬ್ಬೊಬ್ಬರೇ ಕಿತ್ತು ಹಾಕುತ್ತಿದ್ದಾರೆ.

ಕಾಲು ಚಾಚಿ ಮಲಗುವುದಕ್ಕೆ ಬಿಸಿನೆಸ್ ಸಾಕು. ನಡೆಯುವುದು ತಪ್ಪಿಸಲು ಫಸ್ಟ್ ಬೇಡ, ವೀಲ್‌ಚೇರ್ ಬೇಕು. ಅದು ಯಾವ ಕ್ಲಾಸಿಗಾದರೂ ಬಿಟ್ಟಿ. ಬುಕ್ ಮಾಡುವಾಗಲೇ ಹಾಕಿಸಿ. ನಮ್ಮ ಬೆಂಗಳೂರು ಏರ್‌ಪೋರ್ಟಿನ ಟಿ2 (ಎರಡನೇ ಟರ್ಮಿನಲ್) ನೋಡಲು ಚೆಂದ, ಬಿದಿರು, ತೂಗುವ ಗಿಡ ಎಲ್ಲ ಇದೆ, ಆದರೆ ಇಮಿಗ್ರೇಷನ್ ಮುಗಿಸಿ ಗೇಟ್ ತಲುಪುವಷ್ಟರಲ್ಲಿ ಲಾಲ್‌ಬಾಗ್ ಒಂದು ಸುತ್ತು ಹಾಕಿದ ಹಾಗಾಗುತ್ತದೆ. ನಮ್ಮತ್ತೆ "ನನಗೇನಾಗಿದೆ, ವೀಲ್‌ಚೇರ್ ಯಾಕೆ" ಅಂತ ಜಗಳ ಮಾಡಿದ್ದರು. ವಾಪಸ್ ಬರುವಾಗ ತಾವೇ ಫೋನ್ ಮಾಡಿ ಹೇಳಿಸಿದರು.

ಟ್ಯಾಕ್ಸ್ ಕೂಡ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಬಿಟ್ಟು ಮೇಲಿನ ಎಲ್ಲ ಕ್ಲಾಸಿಗೆ ಜಿಎಸ್‌ಟಿ ಶೇ 18. ಮುಂಚೆ 12 ಇತ್ತು. ಎಕಾನಮಿಗೆ ಈಗಲೂ 5.

ಬಸವನಗುಡಿ_ಬೈಟೂ:

ಊಟದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಮ್ಮ ಮನೆಯವರು ಚೆನ್ನಾಗಿ ಪೆಟ್ಟು ತಿಂದಿದ್ದಾರೆ. ಸ್ಪೆಷಲ್ ಮೀಲ್ ಪಟ್ಟಿಯಲ್ಲಿ "ಹಿಂದೂ ಮೀಲ್" ಅಂತ ಇರುತ್ತದೆ, ಕೋಡ್ ಎಚ್‌ಎನ್‌ಎಂಎಲ್. ನಮ್ಮ ಮಾವ ಹಿಂದೂ ಅಂತ ನೋಡಿ ಭಕ್ತಿಯಿಂದ ಅದನ್ನೇ ಒತ್ತಿದರು. ಅದು ಸಸ್ಯಾಹಾರ ಅಲ್ಲ! ದನದ ಮಾಂಸ ಇರುವುದಿಲ್ಲ ಅಷ್ಟೇ, ಕೋಳಿ, ಮೀನು, ಕುರಿ ಬರಬಹುದು. ಮುಚ್ಚಳ ತೆಗೆದಾಗ ಚಿಕನ್. ಆಮೇಲೆ ದಾರಿಯುದ್ದಕ್ಕೂ ಬಾಳೆಹಣ್ಣು ಮತ್ತು ಬ್ರೆಡ್. ನಿಮಗೆ ಬೇಕಿರುವುದು ಏಷ್ಯನ್ ವೆಜಿಟೇರಿಯನ್, ಎವಿಎಂಎಲ್. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದರೆ ಜೈನ್ ಮೀಲ್, ವಿಜೆಎಂಎಲ್.

ಫಸ್ಟ್‌ನಲ್ಲಿ ಕೊಡುವ ಮುಖ್ಯ ಐಟಂ ಕ್ಯಾವಿಯಾರ್, ಅಂದರೆ ಮೀನಿನ ಮೊಟ್ಟೆ. ಅಲ್ಲಿಗೆ ನಿಮ್ಮ ಟಿಕೆಟ್ಟಿನ ಒಂದು ಭಾಗ ಹೋಯ್ತು. ಕೇಳಿದಾಗ ಕೇಳಿದ್ದು ತಂದುಕೊಡುತ್ತಾರೆ ನಿಜ. ಆದರೂ ಚಟ್ನಿಪುಡಿ ಡಬ್ಬಿ ಕೈಚೀಲದಲ್ಲಿ ಇರಲಿ. ಫಸ್ಟ್ ಕ್ಲಾಸಿನ ಮೊಸರನ್ನಕ್ಕೂ ಅದು ಬೇಕಾಗುತ್ತದೆ.

ವಿಲ್ಸನ್‌ಗಾರ್ಡನ್_ವಿಮಾನ:

ನನ್ನ ಕಥೆ ಕೇಳಿ, ಆಮೇಲೆ ದುಡ್ಡು ಕಟ್ಟಿ. ಏರ್‌ಲೈನ್ ಹೆಸರು ಹೇಳಲ್ಲ. ಹೆಂಡತಿ ಜೊತೆ 25ನೇ ವರ್ಷದ ಮದುವೆ ದಿನಕ್ಕೆ ಅಂತ ಫಸ್ಟ್ ಬುಕ್ ಮಾಡಿದ್ದೆ, ಏಳು ತಿಂಗಳು ಮುಂಚೆ. ಹೊರಡುವ ದಿನ ಕೌಂಟರ್‌ನಲ್ಲಿ ಆ ಹುಡುಗಿ ಕೀಬೋರ್ಡ್ ಕುಟ್ಟುತ್ತಾ ಕುಟ್ಟುತ್ತಾ ಮುಖ ಸಣ್ಣ ಮಾಡಿದಳು. ಆಗಲೇ ಗೊತ್ತಾಯ್ತು. ವಿಮಾನ ಬದಲಾಗಿದೆ, ಹೊಸದರಲ್ಲಿ ಫಸ್ಟ್ ಇಲ್ಲ. ಬಿಸಿನೆಸ್‌ನಲ್ಲಿ ಕೂರಿಸಿದರು, ಅದೂ ಬೇರೆ ಬೇರೆ ಸಾಲಿನಲ್ಲಿ. ವ್ಯತ್ಯಾಸದ ದುಡ್ಡು ಅಂತ ಒಂದು ವೋಚರ್ ಕೊಡಲು ಬಂದರು.

ಆವತ್ತು ನನಗೆ ಗೊತ್ತಿಲ್ಲದ್ದು, ನಿಮಗೆ ಗೊತ್ತಿರಲಿ. 2023ರ ಫೆಬ್ರವರಿ 15ರಿಂದ ಡಿಜಿಸಿಎ (ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮ ಇದೆ. ನಿಮ್ಮ ಒಪ್ಪಿಗೆ ಇಲ್ಲದೆ ಕೆಳಗಿನ ಕ್ಲಾಸಿಗೆ ಹಾಕಿದರೆ, ವಿದೇಶಿ ಪ್ರಯಾಣಕ್ಕೆ ದೂರ ನೋಡಿ ಟಿಕೆಟ್ ದರದ ಭಾಗ ವಾಪಸ್ ಕೊಡಬೇಕು. 1,500 ಕಿಲೋಮೀಟರ್‌ವರೆಗೆ ಶೇ 30, 3,500ರವರೆಗೆ ಶೇ 50, ಅದಕ್ಕೂ ಮೇಲೆ ಶೇ 75. ತೆರಿಗೆಯೂ ಸೇರಿ. ಕೌಂಟರ್‌ನಲ್ಲೇ ಬರೆಸಿಕೊಳ್ಳಿ, ಮನೆಗೆ ಬಂದು ಇಮೇಲ್ ಬರೆಯುತ್ತಾ ಕೂತರೆ ನನ್ನ ಹಾಗೆ ಆರು ತಿಂಗಳು. ಮತ್ತೆ ಬುಕ್ ಮಾಡಿದ ಮೇಲೂ ತಿಂಗಳಿಗೊಮ್ಮೆ ಸೀಟ್ ಮ್ಯಾಪ್ ತೆಗೆದು ನೋಡಿ. ಸೀಟು ನಂಬರ್ ತಾನಾಗೇ ಬದಲಾಗಿದ್ದರೆ ವಿಮಾನ ಬದಲಾಗಿರಬಹುದು.

ಹಳೇ_ಎಚ್‌ಎಎಲ್:

ಓದುತ್ತಾ ನಗು ಬಂತು. ಇದೇ ಊರಿನಿಂದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಕುಡಿಯುವ ನೀರಿಗೂ ದುಡ್ಡು ಕೊಡುತ್ತಿದ್ದೆವು, ಅದೇ ಖುಷಿಯಾಗಿತ್ತು. 2005ರಲ್ಲಿ ಕಿಂಗ್‌ಫಿಷರ್ ಬಂತು. ಅವರು ಬಿಸಿನೆಸ್ ಕ್ಲಾಸಿಗೇ "ಕಿಂಗ್‌ಫಿಷರ್ ಫಸ್ಟ್" ಅಂತ ಹೆಸರಿಟ್ಟಿದ್ದರು. ಹಾಗಾಗಿ ನಮ್ಮ ಆಫೀಸಿನಲ್ಲಿ ಅರ್ಧ ಜನ ಇವತ್ತಿಗೂ ತಾವು ಫಸ್ಟ್‌ನಲ್ಲಿ ಹೋಗಿದ್ದೇವೆ ಅಂತಲೇ ನಂಬಿದ್ದಾರೆ.

ಚಕ್ಕೋತ ಅವರ ಲೆಕ್ಕ ಸರಿಯೇ. ಆದರೆ ಒಪ್ಪಲ್ಲ. ನಮ್ಮಪ್ಪನನ್ನು ಒಂದು ಸಲ ವಿಮಾನದಲ್ಲಿ ಕರೆದುಕೊಂಡು ಹೋಗಬೇಕು ಅಂತ ಇತ್ತು. ಎಕಾನಮಿಯಲ್ಲೇ, ತಿರುಪತಿಗೆ. ಮುಂದಿನ ವರ್ಷ, ಮುಂದಿನ ವರ್ಷ ಅಂತ ಹೋಯ್ತು. ಶವರ್ ಇರುವುದನ್ನೇ ಮಾಡಿಸಮ್ಮ.

ಗಿರಿನಗರ_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಅಣ್ಣನ ಜೊತೆ ಕೂತು ಮುಗಿಸಿದೆ. ಹೋಗುವಾಗ ಎಮಿರೇಟ್ಸ್ ಎ380, ಬೆಂಗಳೂರು-ದುಬೈ ಬಿಸಿನೆಸ್ (ನಾಲ್ಕು ಗಂಟೆಗೆ ಫಸ್ಟ್ ಬೇಡ ಅನ್ನಿಸಿತು), ದುಬೈ-ನ್ಯೂಯಾರ್ಕ್ ಫಸ್ಟ್, ಮಧ್ಯದ ಜೋಡಿ ಸೀಟು. ಬರುವಾಗ ಎರಡೂ ಕಡೆ ಬಿಸಿನೆಸ್. ಎತಿಹಾದ್ ಇಮಿಗ್ರೇಷನ್ ವಿಷಯ ತುಂಬ ಎಳೆಯಿತು, ಆದರೆ ಬೆಂಗಳೂರಿನಿಂದಲೇ ದೊಡ್ಡ ವಿಮಾನ ಹತ್ತಲಿ, ದುಬೈಯಿಂದ ಮುಂದಕ್ಕೆ ಶವರ್ ಸಿಗಲಿ ಅಂತ ಅಣ್ಣ ಹಠ ಹಿಡಿದ. ವೀಲ್‌ಚೇರ್ ಇಬ್ಬರಿಗೂ ಹಾಕಿಸಿದೆ, ಅಪ್ಪನಿಗೆ ಇನ್ನೂ ಹೇಳಿಲ್ಲ.

ಅಮ್ಮನಿಗೆ ಶವರ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದ್ರೆ ಇಳಿಯೋ ಮುಂಚೆ ಸ್ನಾನ ಮಾಡಿ ಮಡಿ ಸೀರೆ ಉಟ್ಕೊಂಡೇ ಮಗೂನ ಎತ್ಕೋಬಹುದು" ಅಂದರು.

ಬಸವನಗುಡಿ_ಬೈಟೂ:

ಮೀಲ್ ಯಾವುದು ಹಾಕಿದಿರಿ ಹೇಳಲೇ ಇಲ್ಲ?

ಗಿರಿನಗರ_ಹುಡುಗಿ:

ಅಯ್ಯೋ. ಅಣ್ಣ ಹಾಕಿದ್ದು. ತಾಳಿ, ನೋಡುತ್ತೇನೆ.

ಗಿರಿನಗರ_ಹುಡುಗಿ:

ಎಚ್‌ಎನ್‌ಎಂಎಲ್. ಈಗಲೇ ಬದಲಾಯಿಸಿದೆ.