ಮೂರು ಬೆಟ್ಟ, 24 ಗಂಟೆ: ಹಾಸ್ಪಿಸ್‌ಗಾಗಿ ಹತ್ತಬೇಕು ಅಂತಿದ್ದೇವೆ, ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ನಾವು ನಾಲ್ಕು ಜನ ಬ್ರಿಟನ್ನಿನ ತ್ರೀ ಪೀಕ್ಸ್ ಮಾಡಬೇಕು ಅಂತಿದ್ದೇವೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ (1,345 ಮೀಟರ್), ಇಂಗ್ಲೆಂಡಿನ ಸ್ಕಾಫೆಲ್ ಪೈಕ್ (978 ಮೀಟರ್), ವೇಲ್ಸ್‌ನ ಸ್ನೋಡನ್ (1,085 ಮೀಟರ್). ಕಾರಿನ ಪ್ರಯಾಣವೂ ಸೇರಿ 24 ಗಂಟೆ.

ನಮ್ಮತ್ತೆ ಕೊನೆಯ 19 ದಿನ ಒಂದು ಹಾಸ್ಪಿಸ್‌ನಲ್ಲಿದ್ದರು, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಕಡೆ. ಅಲ್ಲಿನ ನರ್ಸ್ ಒಬ್ಬರು ದಿನಾ ರಾತ್ರಿ ಅವರ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದರು. ನಾನು ತೋರಿಸಿಕೊಟ್ಟಿದ್ದು ಒಂದೇ ಸಲ. ಬೆಟ್ಟ ಹತ್ತುವ ಹೆಸರಲ್ಲಿ ಪರಿಚಯದವರಿಂದ ದೇಣಿಗೆ ಎತ್ತಿ ಆ ಜಾಗಕ್ಕೆ 2,000 ಪೌಂಡ್ ಸೇರಿಸಬೇಕು ಅಂತ ಆಸೆ.

ಎರಡು ವಿಷಯ ಕೇಳಬೇಕು. ನಾವಿರುವ ಕಡೆ ಎಲ್ಲಾ ಸಮತಟ್ಟು, ಒಂದು ಗುಡ್ಡವೂ ಇಲ್ಲ. ಅಭ್ಯಾಸ ಹೇಗೆ ಮಾಡೋದು? ಇನ್ನೊಂದು, ಆಫೀಸಿನಲ್ಲಿ ಒಬ್ಬರು ನೇರವಾಗಿ ಕೇಳಿಬಿಟ್ಟರು: "ನಿಮ್ಮ ಟೂರಿಗೆ ನಾನ್ಯಾಕೆ ದುಡ್ಡು ಕೊಡಬೇಕು?" ಏನು ಹೇಳಬೇಕೋ ತಿಳಿಯಲಿಲ್ಲ. ಅವತ್ತಿನಿಂದ ಅದೇ ಕೊರೆಯುತ್ತಿದೆ.

ಉತ್ತರ 1

ನಾನು ಎರಡು ವರ್ಷದ ಹಿಂದೆ ಮಾಡಿದ್ದೆ. ಮೊದಲು ನಿಮ್ಮ ಎರಡನೇ ಪ್ರಶ್ನೆ. ಅವರು ಕೇಳಿದ್ದು ತಪ್ಪಲ್ಲ. ವ್ಯಾನು, ಡೀಸೆಲ್, ಊಟ, ರೂಮು ಎಲ್ಲಾ ನೀವೇ ಹಾಕಿಕೊಳ್ಳಿ. ದೇಣಿಗೆಯ ಪುಟದ ಮೊದಲ ಸಾಲಿನಲ್ಲೇ ಹಾಗಂತ ಬರೆಯಿರಿ. ನಾವು ಬರೆದ ಮೇಲೆ ಮತ್ತೆ ಯಾರೂ ಕೇಳಲಿಲ್ಲ. ಅದರ ಕೆಳಗೆ ಜಡೆಯ ವಿಷಯ ಬರೆಯಿರಿ. ಬೆಟ್ಟ ಎಷ್ಟು ಎತ್ತರ ಅನ್ನೋದು ಆಮೇಲೆ. ಇಲ್ಲಿ ತೆರಿಗೆ ಕಟ್ಟುವವರು ಕೊಟ್ಟರೆ ಗಿಫ್ಟ್ ಏಡ್ ಟಿಕ್ ಮಾಡೋಕೆ ನೆನಪಿಸಿ. ಒಂದು ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಸೇರುತ್ತದೆ.

ಅಭ್ಯಾಸಕ್ಕೆ ಮೆಟ್ಟಿಲು ಸಾಕು. ಒಟ್ಟು ಏರು ಸುಮಾರು 3,000 ಮೀಟರ್. ಆದರೆ ತೊಡೆ ಹಿಡಿಯೋದು ಇಳಿಯುವಾಗ, ಅದಕ್ಕೇ ಲಿಫ್ಟಿನಲ್ಲಿ ಇಳಿಯಬೇಡಿ. ಅವತ್ತು ಹಾಕುವ ಬೂಟು, ಅವತ್ತಿನದೇ ಭಾರದ ಬ್ಯಾಗು. ಒಂದೆರಡು ಸಲ ರಾತ್ರಿ ಹೆಡ್‌ಲ್ಯಾಂಪ್ ಹಾಕಿಕೊಂಡು ನಡೆಯಿರಿ, ಯಾಕಂದರೆ ಸ್ಕಾಫೆಲ್ ಪೈಕ್ ಬರೋದು ಕತ್ತಲಲ್ಲಿ.

ನಮ್ಮನ್ನು ಸೋಲಿಸಿದ್ದು ಬೆಟ್ಟಗಳಲ್ಲ, ವ್ಯಾನು. ನಡುವೆ ಸುಮಾರು 740 ಕಿಲೋಮೀಟರ್ ಡ್ರೈವಿಂಗ್ ಇದೆ. ಬೆನ್ ನೆವಿಸ್ ಇಳಿದು ಬೆವರಿನ ಬಟ್ಟೆಯಲ್ಲೇ ಕೂತೆ. ಸ್ಕಾಫೆಲ್ ಪೈಕ್ ಬುಡದ ವಾಸ್‌ಡೇಲ್ ಹೆಡ್‌ ಹಳ್ಳಿಯಲ್ಲಿ ಇಳಿದಾಗ ಮೊಣಕಾಲು ಮಡಚೋಕೇ ಆಗಲಿಲ್ಲ. ಒಣ ಬಟ್ಟೆ ಸೀಟಿನ ಮೇಲೇ ಇಟ್ಟುಕೊಳ್ಳಿ. ಹತ್ತುವವರು ಯಾರೂ ಸ್ಟೇರಿಂಗ್ ಮುಟ್ಟಬಾರದು. ಇಬ್ಬರು ಬೇರೆ ಡ್ರೈವರ್ ಸಿಗದಿದ್ದರೆ ದಯವಿಟ್ಟು ಈ 24 ಗಂಟೆಯ ಯೋಚನೆ ಬಿಡಿ. ನಿದ್ದೆಗಣ್ಣಿನ ಡ್ರೈವಿಂಗ್ ಬೆಟ್ಟಕ್ಕಿಂತ ಅಪಾಯ.

ಬೆನ್ ನೆವಿಸ್ ತುದಿಯಲ್ಲಿ ಮಂಜು ಕವಿದರೆ ಏನೂ ಕಾಣಲ್ಲ, ಪಕ್ಕದಲ್ಲೇ ಪ್ರಪಾತ. ತುದಿಯಲ್ಲಿರುವ ಟ್ರಿಗ್ ಕಂಬದಿಂದ (ಸರ್ವೆಯವರ ಕಂಬ) ಮ್ಯಾಪಿನ ಲೆಕ್ಕದಲ್ಲಿ 231 ಡಿಗ್ರಿ ಹಿಡಿದು 150 ಮೀಟರ್, ಆಮೇಲೆ 282 ಡಿಗ್ರಿ. ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ದಿಕ್ಸೂಚಿ ಬಳಸೋದು ಕಲಿಯಿರಿ. ಜೂನ್‌ನಲ್ಲೂ ಮೇಲೆ ಹಿಮ ಇರಬಹುದು. ಸ್ನೋಡನ್‌ಗೆ ಪೆನ್-ಇ-ಪಾಸ್‌ನಲ್ಲಿ ಪಾರ್ಕಿಂಗ್ ಮೊದಲೇ ಬುಕ್ ಮಾಡಬೇಕು. ಅಲ್ಲಿಂದ ತುದಿಗೆ ಹೋಗುವ ಪಿಗ್ ಟ್ರ್ಯಾಕ್‌ ದಾರಿಯಲ್ಲಿ ಬಲಕ್ಕೆ ಮೇಲೇರುವ ದಾರಿ ಹಿಡಿಯಬೇಡಿ. ಅದು ಕ್ರಿಬ್ ಗೋಚ್‌ಗೆ ಹೋಗುತ್ತದೆ, ಕತ್ತಿಯ ಅಲುಗಿನಂಥ ಏಣು.

ಇನ್ನೊಂದು ಮಾತು. ವಾಸ್‌ಡೇಲ್‌ನಲ್ಲಿ ಜನ ಮಲಗಿರುತ್ತಾರೆ. ರಾತ್ರಿ ಒಂದು ಗಂಟೆಗೆ ನಾವು ವ್ಯಾನಿನ ಬಾಗಿಲು ಧಡ್ ಅಂತ ಎಳೆದೆವು. ಮೇಲಿನ ಕಿಟಕಿಯಲ್ಲಿ ದೀಪ ಹತ್ತಿತು. ತುಂಬಾ ಬೇಜಾರಾಯಿತು. ಬೇಸಿಗೆಯಲ್ಲಿ ಅವರಿಗೆ ಹೀಗೆ ಎಷ್ಟು ರಾತ್ರಿಯೋ. ಶೌಚಾಲಯಕ್ಕೂ ದಾರಿಯಲ್ಲೇ ನಿಂತು ಬನ್ನಿ, ಕಸ ವಾಪಸ್ ತನ್ನಿ.

ನಮಗೆ 25 ಗಂಟೆ 40 ನಿಮಿಷ ಹಿಡಿಯಿತು. ಕೊಟ್ಟವರು ಯಾರೂ ದುಡ್ಡು ವಾಪಸ್ ಕೇಳಲಿಲ್ಲ.

ಉತ್ತರ 2

ಡ್ರೈವರ್ ಸಿಗದಿದ್ದರೆ ಯಾರ್ಕ್‌ಷೈರ್ ತ್ರೀ ಪೀಕ್ಸ್ ನೋಡಿ. ಪೆನಿಗೆಂಟ್ 694, ವರ್ನ್‌ಸೈಡ್ 736, ಇಂಗಲ್‌ಬರೋ 723 ಮೀಟರ್. ಸುಮಾರು 39 ಕಿಲೋಮೀಟರ್, 12 ಗಂಟೆಯೊಳಗೆ ಮುಗಿಸೋದು ರೂಢಿ. ಹೊರಟ ಜಾಗಕ್ಕೇ ನಡೆದು ಬರುತ್ತೀರಿ, ನಡುವೆ ಕಾರೇ ಬೇಡ. ದುಡ್ಡು ಕೊಟ್ಟವರು ಕೂಡ ದಾರಿಯಲ್ಲಿ ಸಿಗುವ ರಿಬಲ್‌ಹೆಡ್‌ಗೆ ಬಂದು ಸ್ವಲ್ಪ ದೂರ ಜೊತೆಗೆ ನಡೆಯಬಹುದು. ನನಗೆ ಇದೇ ಇಷ್ಟ. ಎಲ್ಲಿ ಹೋದರೂ ಕಷ್ಟ ಬಂದರೆ 999ಕ್ಕೆ ಫೋನ್ ಮಾಡಿ, ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ (ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ತಂಡ). ಅವರೆಲ್ಲ ಸ್ವಯಂಸೇವಕರು, ಒಂದು ಪೆನ್ನಿ ತಗೊಳ್ಳಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಎಲ್ಲರೂ ಕೂತು ಓದಿದೆವು. ಒಬ್ಬರೇ ಡ್ರೈವರ್ ಸಿಕ್ಕಿದ್ದಾರೆ, ಹಾಗಾಗಿ ಈ ವರ್ಷ ಯಾರ್ಕ್‌ಷೈರ್. ಖರ್ಚೆಲ್ಲ ನಮ್ಮದೇ ಅಂತ ಪುಟದಲ್ಲಿ ಹಾಕಿದೆ. ಜಡೆಯ ವಿಷಯ ಬರೆಯೋಕೆ ಮೂರು ಸಂಜೆ ಹಿಡಿಯಿತು. ನಮ್ಮೆಜಮಾನರು ಓದಿ ಸುಮ್ನೆ ಎದ್ದು ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು, "ಎಣ್ಣೆ ಕೊಬ್ಬರಿದು ಅಂತಾನೂ ಸೇರಿಸು" ಅಂದರು. ಸೇರಿಸಿದೆ.