ಪಟ್ಟಿಯಲ್ಲಿ 231, ಶೆಲ್ಫಿನಲ್ಲಿ 218: ಗೇಮ್ ಸಂಗ್ರಹದ ಲೆಕ್ಕ ತಾಳೆಯಾಗುತ್ತಿಲ್ಲ

ತೋಟದ_ಪಿಕ್ಸೆಲ್ (ಮಡಿಕೇರಿ)

ಪ್ಲೇಸ್ಟೇಷನ್ ಕನ್ಸೋಲ್‌ಗಳಾದ ಪಿಎಸ್2, ಪಿಎಸ್3, ಪಿಎಸ್4, ನಿಂಟೆಂಡೊ ಸ್ವಿಚ್, ಜೊತೆಗೆ ಸ್ವಲ್ಪ ಗೇಮ್ ಬಾಯ್ ಕಾರ್ಟ್ರಿಜ್. ಎಲ್ಲಾ ಒಂದೇ ಎಕ್ಸೆಲ್ ಶೀಟಿನಲ್ಲಿ. ತೊಂದರೆಗಳು ಹೀಗಿವೆ:

ಶೀಟಿನಲ್ಲಿ 231 ಸಾಲು, ಎಣಿಸಿದರೆ 218 ಕೇಸ್. ಬಾರ್‌ಕೋಡ್ ಕಾಲಮ್ಮಿನಲ್ಲಿ ಎಷ್ಟೋ ಕಡೆ 5.03ಇ+12 ಅಂತ ಕಾಣುತ್ತದೆ. ಕನ್ನಡದಲ್ಲಿ ಬರೆದ ಟಿಪ್ಪಣಿ ಸಿಎಸ್‌ವಿ (ಬರೀ ಅಕ್ಷರಗಳ ಫೈಲ್) ಮಾಡಿ ತೆರೆದರೆ ಗಜಿಬಿಜಿ. ಕೇಸಿಗೆ ಅಂಟಿಸಿದ ನಂಬರ್ ಲೇಬಲ್ಲುಗಳು ಕಕ್ಕಡ (ಕೊಡಗಿನ ಜೋರು ಮಳೆಯ ತಿಂಗಳು) ಮುಗಿಯುವುದರೊಳಗೆ ಅರ್ಧ ಉದುರಿವೆ, ಉಳಿದವು ಓದಲಾಗುತ್ತಿಲ್ಲ. ನಾಲ್ಕೈದು ಕವರ್‌ಗಳ ಒಳಗೆ ಬಿಳಿ ಚುಕ್ಕೆ. ಎಲ್ಲಿಂದ ಶುರು ಮಾಡಲಿ?

ಮೂರನೇ_ಪ್ಲೇಯರ್

ಮೊದಲು ಬಾರ್‌ಕೋಡ್. ಅದು ಸರಿಯಾಗದೆ ಬಾಕಿ ಲೆಕ್ಕ ಕೂಡುವುದಿಲ್ಲ.

ಎಕ್ಸೆಲ್ ಸಾಮಾನ್ಯ ಸೆಲ್‌ನಲ್ಲಿ 11 ಅಂಕಿವರೆಗೆ ಪೂರ್ತಿ ತೋರಿಸುತ್ತದೆ, 12 ಅಥವಾ ಹೆಚ್ಚು ಅಂಕಿ ಆದರೆ 5.03ಇ+12 ಥರ ಮಡಚುತ್ತದೆ. ಒಳಗೆ ಸಂಖ್ಯೆ ಇನ್ನೂ ಪೂರ್ತಿ ಇರುತ್ತದೆ, ಗಾಬರಿ ಬೇಡ. ಆದರೆ ಆ ಸ್ಥಿತಿಯಲ್ಲಿ ಸಿಎಸ್‌ವಿಯಾಗಿ ಸೇವ್ ಮಾಡಿದಿರೋ, ಕಣ್ಣಿಗೆ ಕಂಡದ್ದಷ್ಟೇ ಫೈಲಿಗೆ ಹೋಗುತ್ತದೆ, ಕೊನೆಯ ಅಂಕಿಗಳು ಹೋದವು ಅಂತಲೇ ಲೆಕ್ಕ. ಆದ್ದರಿಂದ ಮೂಲ ಎಕ್ಸೆಲ್ ಫೈಲ್ ತೆರೆದು, ಕಾಲಮ್ಮನ್ನು 'ನಂಬರ್' ಮಾಡಿ ದಶಮಾಂಶ 0 ಇಡಿ. ಅಂಕಿಗಳು ಬಿಚ್ಚಿಕೊಳ್ಳುತ್ತವೆ.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದು ಇದೆ. ಅಮೆರಿಕದ ಪೆಟ್ಟಿಗೆಗಳ ಮೇಲಿನ ಬಾರ್‌ಕೋಡ್, ಅಂದರೆ ಯುಪಿಸಿ, 12 ಅಂಕಿ. ನಿಂಟೆಂಡೊದವು 045496 ಅಂತ ಶುರುವಾಗುತ್ತವೆ. 045496590420 ಅಂತ ಟೈಪ್ ಮಾಡಿದರೆ ಮುಂದಿನ ಸೊನ್ನೆ ಬಿದ್ದು 45496590420 ಉಳಿಯುತ್ತದೆ. 11 ಅಂಕಿ, ಮಡಚುವುದೂ ಇಲ್ಲ, ನೋಡಲಿಕ್ಕೆ ಸರಿಯಾಗೇ ಇರುತ್ತದೆ. ಅದೇ ಪೆಟ್ಟಿಗೆಯನ್ನು ಇನ್ನೊಂದು ಸ್ಕ್ಯಾನರ್ ಆ್ಯಪ್ ಮುಂದೆ ಸೊನ್ನೆ ಸೇರಿಸಿ 13 ಅಂಕಿಯಾಗಿ ಕೊಡಬಹುದು. ಒಂದೇ ಗೇಮ್, ಮೂರು ರೂಪ. ನಿಮ್ಮ 13 ಹೆಚ್ಚುವರಿ ಸಾಲುಗಳಲ್ಲಿ ಬಹುಪಾಲು ಇಲ್ಲೇ ಸಿಗುತ್ತವೆ.

ಪರಿಹಾರ: ಪಕ್ಕದಲ್ಲಿ ಹೊಸ ಕಾಲಮ್, ಅದರಲ್ಲಿ 'ಟೆಕ್ಸ್ಟ್' ಸೂತ್ರಕ್ಕೆ ಹಳೇ ಸೆಲ್ ಮತ್ತು ಹದಿಮೂರು ಸೊನ್ನೆಗಳ ಮಾದರಿ ಕೊಡಿ. 11, 12, 13 ಎಲ್ಲವೂ 13 ಆಗುತ್ತವೆ. ಯುಪಿಸಿಯ ಎಡಕ್ಕೆ ಸೊನ್ನೆ ಹಾಕಿದರೆ ಅದೇ ಸರಿಯಾದ ಇಎಎನ್-13 (13 ಅಂಕಿಯ ಬಾರ್‌ಕೋಡ್). ಆಮೇಲೆ ಆ ಕಾಲಮ್ಮನ್ನು ಕಾಪಿ ಮಾಡಿ 'ವ್ಯಾಲ್ಯೂಸ್' ಆಗಿ ಅಂಟಿಸಿ, ಹಳೆಯದನ್ನು ಅಳಿಸಿ. ಮುಂದಕ್ಕೆ ಹೊಸ ಸಾಲು ಸೇರಿಸುವ *ಮೊದಲೇ* ಕಾಲಮ್ 'ಟೆಕ್ಸ್ಟ್' ಆಗಿರಬೇಕು. ಒಂದು ಕಡೆ ಟೆಕ್ಸ್ಟ್, ಇನ್ನೊಂದು ಕಡೆ ನಂಬರ್ ಇದ್ದರೆ ಎಕ್ಸೆಲ್‌ನ ಹುಡುಕುವ ಸೂತ್ರ ಎಕ್ಸ್‌ಲುಕಪ್‌ಗೆ ಎರಡೂ ಬೇರೆ ಬೇರೆ. ಮನೆಯಲ್ಲಿರುವ ಗೇಮನ್ನೇ 'ಇಲ್ಲ' ಅನ್ನುತ್ತದೆ, ಎರಡನೇ ಕಾಪಿ ಕೊಂಡು ತರುವುದು ಹೀಗೇ.

ಅನುಮಾನ ಬಂದ ಕೋಡನ್ನು ಕೈಯಲ್ಲೇ ಪರೀಕ್ಷಿಸಬಹುದು. 13 ಅಂಕಿಯಲ್ಲಿ ಮೊದಲ 12ನ್ನು ಎಡದಿಂದ 1, 3, 1, 3 ಅಂತ ಗುಣಿಸಿ ಕೂಡಿ. ಮೇಲಿನ ಉದಾಹರಣೆಗೆ 0+0+4+15+4+27+6+15+9+0+4+6, ಒಟ್ಟು 90. ಮುಂದಿನ ಹತ್ತರ ಮಗ್ಗಿಗೆ ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಇಲ್ಲಿ 0. ಸರಿ ಇದೆ.

ಕನ್ನಡ ಗಜಿಬಿಜಿಗೆ: ಸೇವ್ ಮಾಡುವಾಗ ಬರೀ 'ಸಿಎಸ್‌ವಿ' ಅಲ್ಲ, 'ಸಿಎಸ್‌ವಿ ಯುಟಿಎಫ್-8' ಆರಿಸಿ. ತೆರೆಯುವಾಗ ಡಬಲ್ ಕ್ಲಿಕ್ ಬೇಡ, 'ಡೇಟಾ' ಮೆನುವಿನಿಂದ ಇಂಪೋರ್ಟ್ ಮಾಡಿ ಬಾರ್‌ಕೋಡ್ ಕಾಲಮ್ಮಿಗೆ ಟೆಕ್ಸ್ಟ್ ಅಂತ ಹೇಳಿ.

ಹಳೇ_ಕಾರ್ಟ್ರಿಜ್ (ಗೋಣಿಕೊಪ್ಪ)

ಮೇಲಿನದು ಸರಿ, ಆದರೆ ಬಾರ್‌ಕೋಡನ್ನೇ ಗುರುತು ಅಂತ ನಂಬಿದರೆ ಮುಂದೆ ಮತ್ತೆ ಕೆಡುತ್ತದೆ. ಬಾರ್‌ಕೋಡ್ ಪೆಟ್ಟಿಗೆಯದು, ನಿಮ್ಮ ಕಾಪಿಯದಲ್ಲ. ಒಂದೇ ಗೇಮಿನ ಎರಡು ಕಾಪಿಗೆ ಒಂದೇ ಕೋಡ್. ಮತ್ತೊಂದೆಡೆ ಮಾರ್ವೆಲ್ಸ್ ಸ್ಪೈಡರ್-ಮ್ಯಾನ್ 2018ರ ಪ್ರತಿಗೂ 2019ರ ಗೇಮ್ ಆಫ್ ದ ಇಯರ್ ಪ್ರತಿಗೂ ಬೇರೆ ಬೇರೆ ಕೋಡ್. ಬಿಡಿ ಕಾರ್ಟ್ರಿಜ್‌ಗೆ ಕೋಡೇ ಇಲ್ಲ.

ಒಂದು ಕಾಪಿಗೆ ಒಂದು ಸಾಲು, ಒಂದು ಸಾಲಿಗೆ ಒಂದು ಕ್ರಮಸಂಖ್ಯೆ, 0001ರಿಂದ. ಮಾರಿದರೂ ಆ ಸಂಖ್ಯೆ ಇನ್ನೊಂದಕ್ಕೆ ಕೊಡಬೇಡಿ, ಸಾಲು ಅಳಿಸಲೂ ಬೇಡಿ, ಸ್ಥಳದ ಕಾಲಮ್ಮಿನಲ್ಲಿ 'ಮಾರಿದೆ' ಅಂತ ಬರೆಯಿರಿ. ಕಾಲಮ್‌ಗಳು ಎಂಟು ಸಾಕು: ಕ್ರಮಸಂಖ್ಯೆ, ಪೆಟ್ಟಿಗೆ ಮೇಲಿರುವಂತೆ ಹೆಸರು, ಕನ್ಸೋಲ್, ಡಿಸ್ಕಿನ ಕೋಡ್, ಬಾರ್‌ಕೋಡ್, ಕೇಸಿನಲ್ಲಿ ಏನೇನಿದೆ, ಸ್ಥಳ, ಕೊನೆಗೆ ನೋಡಿದ ದಿನ. ಇಪ್ಪತ್ತೈದು ಕಾಲಮ್ ಮಾಡಿದವರ ಶೀಟು ಎರಡೇ ವಾರಕ್ಕೆ ನಿಲ್ಲುತ್ತದೆ.

ಡಿಸ್ಕಿನ ಕೋಡ್ ಯಾಕೆಂದರೆ ಪ್ರದೇಶ ಗೊತ್ತಾಗುವುದು ಅಲ್ಲೇ. ಪಿಎಸ್2ನಲ್ಲಿ ಎಸ್‌ಎಲ್‌ಇಎಸ್ ಅಂದರೆ ಯುರೋಪಿನದು, ಎಸ್‌ಎಲ್‌ಯುಎಸ್ ಅಂದರೆ ಅಮೆರಿಕದ್ದು. ಮಾರ್ಪಡಿಸದ ಕನ್ಸೋಲಿನಲ್ಲಿ ಬೇರೆ ಪ್ರದೇಶದ್ದು ಓಡುವುದಿಲ್ಲ. ಪಿಎಸ್4 ಡಿಸ್ಕ್ ಎಲ್ಲಿಯದಾದರೂ ಓಡುತ್ತದೆ, ಆದರೆ ಆಮೇಲೆ ಕೊಳ್ಳುವ ಡಿಎಲ್‌ಸಿ (ಗೇಮಿನ ಹೆಚ್ಚುವರಿ ಭಾಗ) ಡಿಸ್ಕಿನ ಪ್ರದೇಶಕ್ಕೇ ಹೊಂದಬೇಕು.

ಸ್ಥಳಕ್ಕೆ 'ಅ-2' ಥರ ಬರೆಯಿರಿ: ಅ ಕಪಾಟು, 2ನೇ ಹಲಗೆ. ಹಲಗೆಯೊಳಗೆ ಎಷ್ಟನೆಯದು ಅಂತ ಬರೆಯಬೇಡಿ, ಒಂದು ಕೇಸ್ ಸೇರಿಸಿದರೆ ಸಾಕು, ಹಿಂದಿನದೆಲ್ಲ ಸುಳ್ಳಾಗುತ್ತದೆ. 'ಕನ್ಸೋಲ್ ಒಳಗೆ' ಮತ್ತು 'ಕೊಟ್ಟದ್ದು' ಇವೂ ಸ್ಥಳಗಳೇ. ಕೇಸ್ ತೆಗೆದಲ್ಲಿ ಲೈಬ್ರರಿಯವರಂತೆ ಒಂದು ರಟ್ಟಿನ ಚೀಟಿ ನಿಲ್ಲಿಸಿ, ಮೇಲೆ ಸಂಖ್ಯೆ ಮತ್ತು ತಾರೀಕು. ಡಿವಿಡಿ ಕೇಸಿನ ಬೆನ್ನು 14 ಮಿಲಿಮೀಟರ್, 90 ಸೆಂಟಿಮೀಟರ್ ಹಲಗೆಗೆ 64 ಹಿಡಿಯುತ್ತದೆ. 55ಕ್ಕೆ ನಿಲ್ಲಿಸಿ. ಬಿಗಿಯಾಗಿ ತುರುಕಿದರೆ ಎಳೆಯುವಾಗ ಕವರ್ ಹರಿಯುತ್ತದೆ, ಗಾಳಿಯೂ ಆಡುವುದಿಲ್ಲ.

ಬೂಷ್ಟು_ವಿರೋಧಿ (ನಾಪೋಕ್ಲು)

ಲೇಬಲ್ ಮತ್ತು ಬಿಳಿ ಚುಕ್ಕೆ, ಎರಡೂ ಒಂದೇ ರೋಗ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಶೆಲ್ಫ್ ಅನ್ನುವುದು ಬೂಷ್ಟಿಗೆ ಹಾಸಿದ ಹಾಸಿಗೆ. ಡಿಸ್ಕ್‌ಗಳಿಗೆ ಶಿಫಾರಸಾದ ತೇವಾಂಶ ಶೇ. 20ರಿಂದ 50.

ಇಂಕ್‌ಜೆಟ್ ಅಕ್ಷರ ತೇವಕ್ಕೆ ಹರಡುತ್ತದೆ, ಥರ್ಮಲ್ ಲೇಬಲ್ ತಾನೇ ಮಾಸುತ್ತದೆ. ಅಂಟು ಬೇಡವೇ ಬೇಡ. ದಪ್ಪ ಕಾಗದದ ತುಂಡಿಗೆ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆದು ಕೇಸಿನೊಳಗೆ ಕೈಪಿಡಿಯ ಕ್ಲಿಪ್ಪಿಗೆ ಸಿಕ್ಕಿಸಿ. ಹೊರಗೂ ಕಾಣಬೇಕೆಂದರೆ ಪಾಲಿಪ್ರೊಪಿಲೀನ್ ಹೊರಚೀಲ ಹಾಕಿ ಅದರೊಳಗೆ ಇಡಿ. ಪಿವಿಸಿ ಚೀಲ ಬೇಡ, ಕಾಲಕ್ರಮೇಣ ಜಿಡ್ಡು ಬಿಡುತ್ತದೆ.

ಮಳೆಗಾಲಕ್ಕೆ ರಬ್ಬರ್ ಅಂಚಿನ 25 ಲೀಟರ್ ಪೆಟ್ಟಿಗೆ, ಒಂದಕ್ಕೆ ಸುಮಾರು 50 ಡಿವಿಡಿ ಕೇಸ್, 250 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಪೆಟ್ಟಿಗೆಗೂ ಸ್ಥಳದ ಹೆಸರು ಕೊಡಿ. ತುಂಬುವುದು ಮಾರ್ಚ್‌ನ ಒಣ ದಿನದಲ್ಲಿ. ಮಳೆ ಹಿಡಿದ ಮೇಲೆ ಮುಚ್ಚಿದರೆ ಕೈಪಿಡಿಗಳು ಕುಡಿದ ನೀರನ್ನೂ ಒಳಗೇ ಮುಚ್ಚಿದ ಹಾಗೆ, ಎರಡು ಮೂರು ದಿನದಲ್ಲಿ ಮಾಪಕ ಮತ್ತೆ ಏರುತ್ತದೆ. 50 ದಾಟಿದ ದಿನ ಜೆಲ್ ಬದಲಿಸಿ. ಕಿತ್ತಳೆ ಜೆಲ್ ಹಸಿರಾದರೆ ತುಂಬಿದೆ ಎಂದರ್ಥ. ಓವನ್‌ನಲ್ಲಿ 110ರಿಂದ 120 ಡಿಗ್ರಿ, ಎರಡು ಗಂಟೆ, ಬಣ್ಣ ಮರಳುವವರೆಗೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆ ಓವನ್ನಿಗೂ ಪಾತ್ರೆಗೂ ಬೇಡ. ಕರೆಂಟು ಮೂರು ದಿನ ಹೋದರೂ ನಡೆಯುವಂತೆ ಒಣಗಿಸಿದ ಇನ್ನೊಂದು ಸೆಟ್ ಬಿಗಿ ಮುಚ್ಚಳದ ಬಾಟಲಿಯಲ್ಲಿರಲಿ.

ಅಗ್ಗದ ಮಾಪಕವನ್ನು ನಂಬುವ ಮೊದಲು ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಒದ್ದೆ ಮರಳಿನಷ್ಟು ಹದಕ್ಕೆ ನಾಲ್ಕು ಹನಿ ನೀರು. ಮೇಲೆ ನೀರು ನಿಲ್ಲಬಾರದು. ಮಾಪಕದ ಜೊತೆ ಜಿಪ್ ಚೀಲದಲ್ಲಿ 12 ಗಂಟೆ. ಒಳಗಿನ ತೇವ 75ಕ್ಕೆ ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ಮುಂದಕ್ಕೆ 7 ಕೂಡಿಸಿ ಓದಿ.

ಚುಕ್ಕೆ ಬಿದ್ದ ಕವರನ್ನು ತಕ್ಷಣ ಒರೆಸಬೇಡಿ, ಒದ್ದೆ ಬೂಷ್ಟು ಕಾಗದದೊಳಕ್ಕೆ ಇಳಿಯುತ್ತದೆ. ಬೇರೆ ಮಾಡಿ, ನೆರಳಲ್ಲಿ ಒಣಗಿಸಿ, ಹೊರಗೆ ಮಾಸ್ಕ್ ಹಾಕಿಕೊಂಡು ಮೃದು ಬ್ರಷ್‌ನಲ್ಲಿ ಝಾಡಿಸಿ. ಡಿಸ್ಕಿಗೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ನಡುವಿನಿಂದ ಅಂಚಿಗೆ ನೇರ. ಸುತ್ತ ತಿರುಗಿಸಿ ಒರೆಸಬೇಡಿ.

ಹಾಗೆಯೇ, ಒಲೆ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಪೆಟ್ಟಿಗೆ ಅಲ್ಲಿ ಏರಿಸುವ ಐಡಿಯಾ ಆಗಾಗ ಬರುತ್ತದೆ. ಹೊಗೆಯ ಜಿಡ್ಡು ಡಿಸ್ಕಿಗೆ ಹತ್ತಿದರೆ ಬೂಷ್ಟೇ ವಾಸಿ ಅನ್ನಿಸುತ್ತದೆ.

ತೋಟದ_ಪಿಕ್ಸೆಲ್ (ಮಡಿಕೇರಿ)

ಬಾರ್‌ಕೋಡ್ 13 ಅಂಕಿಗೆ ತಂದಾಗ 13ರಲ್ಲಿ 8 ಎರಡೆರಡು ಸಲ ಸೇರಿದ ಸಾಲು. 3 ಡಿಜಿಟಲ್ ಖರೀದಿ, ಪೆಟ್ಟಿಗೆಯೇ ಇಲ್ಲ. 2 ಕೊಟ್ಟದ್ದು. ತಾಳೆಯಾಯಿತು. ಉಳಿದದ್ದು ಎರಡು: ಡಿಜಿಟಲ್‌ಗೆ ಏನು ಮಾಡುವುದು, ಗೇಮ್ ಬಾಯ್ ಕಾರ್ಟ್ರಿಜ್‌ಗೆ ಬೇರೆ ಏನಾದರೂ ಬರೆದಿಡಬೇಕಾ?

ಹಳೇ_ಕಾರ್ಟ್ರಿಜ್ (ಗೋಣಿಕೊಪ್ಪ)

ಸ್ಟೀಮ್, ಗಾಗ್, ಎಪಿಕ್ ಥರದ ಆನ್‌ಲೈನ್ ಗೇಮ್ ಅಂಗಡಿಗಳಿಗೆ ಪ್ಲೇನೈಟ್ ಅನ್ನುವ ಆ್ಯಪ್ ಹಾಕಿ. ವಿಂಡೋಸ್‌ನಲ್ಲಿ ಉಚಿತ, ಲೈಬ್ರರಿಗಳನ್ನು ತಾನೇ ಎಳೆದುಕೊಳ್ಳುತ್ತದೆ. ಶೀಟಿನಲ್ಲಿ ಬೆರೆಸಬೇಡಿ.

ಕಾರ್ಟ್ರಿಜ್‌ಗೆ ಬ್ಯಾಟರಿ ಬದಲಿಸಿದ ತಾರೀಕು ಬರೆಯಿರಿ. ಪೊಕೆಮಾನ್ ಗೋಲ್ಡ್, ಸಿಲ್ವರ್‌ನಲ್ಲಿ ಸಿಆರ್2025 ಬ್ಯಾಟರಿ. ಸೇವ್ ಮತ್ತು ಗಡಿಯಾರ ಎರಡೂ ಅದರ ಮೇಲೇ ನಿಂತಿವೆ, ಬಿಚ್ಚಿದ ಕ್ಷಣ ಸೇವ್ ಹೋಗುತ್ತದೆ, ಮೊದಲೇ ಕಾರ್ಟ್ರಿಜ್ ರೀಡರ್‌ನಿಂದ ನಕಲು ತೆಗೆದುಕೊಳ್ಳಿ. ಗೇಮ್ ಬಾಯ್ ಅಡ್ವಾನ್ಸ್‌ನ ಪೊಕೆಮಾನ್ ರೂಬಿ, ಸಫೈರ್‌ನಲ್ಲಿ ಸಿಆರ್1616, ಅಲ್ಲಿ ಅದು ಗಡಿಯಾರಕ್ಕೆ ಮಾತ್ರ, ಸೇವ್ ಫ್ಲ್ಯಾಷ್ ಚಿಪ್ಪಿನಲ್ಲಿದೆ. ಎರಡಕ್ಕೂ ಬೆಸುಗೆ ತಗಡು ಇರುವ ಬ್ಯಾಟರಿಯೇ ಬೇಕು. ಗೇಮ್ ಬಾಯ್ ಸ್ಕ್ರೂಗೆ 3.8 ಮಿಲಿಮೀಟರ್ ಗೇಮ್‌ಬಿಟ್ ಸ್ಕ್ರೂಡ್ರೈವರ್, ಅಡ್ವಾನ್ಸ್‌ಗೆ ಮೂರು ರೆಕ್ಕೆಯ ಟ್ರೈ-ವಿಂಗ್.

ಎಣಿಕೆ ಮೇನಲ್ಲಿ ಒಮ್ಮೆ, ಹುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ಮುಂಚೆ ಒಮ್ಮೆ ಇಟ್ಟುಕೊಳ್ಳಿ. ಪ್ರತಿ ಕೇಸನ್ನೂ ತೆರೆದು ನೋಡಿ, ಬೂಷ್ಟೂ ಕಾಣುತ್ತದೆ, ತಪ್ಪು ಕೇಸಿನಲ್ಲಿ ಕೂತ ಡಿಸ್ಕೂ ಸಿಗುತ್ತದೆ.