‘ಗರ್ಭಪಾತದ ಅಪಾಯ’ ಅನ್ನೋದಕ್ಕ ನಿಮ್ಮ ಕಡೆ ಏನಂತಾರ?

ಎಲ್ಲಾರಿಗೂ ನಮಸ್ಕಾರ್ರೀ, ವಿಜಯಪುರದಿಂದ ಬರ್ಯಾಕತ್ತೀನಿ. ಹೋದ ತಿಂಗಳ ನಮ್ಮ ನೆಗೆಣ್ಣಿಗೆ, ಐದು ತಿಂಗಳ ಬಸುರಿ ಆಕಿ, ಬಲಗಡೆ ಹೊಟ್ಟಿ ನೋವು ಸುರು ಆಗಿ ದವಾಖಾನಿಗೆ ಒಯ್ದ್ವಿ, ಸ್ಕ್ಯಾನ್ ಮಾಡಿ ಅಪೆಂಡಿಕ್ಸ್ ಅಂದ್ರು, ಇವತ್ತ ಆಪರೇಷನ್ ಆಗಬೇಕು ಅಂತ ಸಹಿ ಹಾಕೋ ಹಾಳಿ ಕೊಟ್ರು. ಅದರಾಗ ‘ಗರ್ಭಪಾತದ ಅಪಾಯವಿದೆ’ ಅಂತಿತ್ತು. ನಾ ಓದಿದ್ದ ತಡ ನಮ್ಮ ಅತ್ತಿಯವರು "ಅಯ್ಯ, ಕೂಸು ತಗೀತಾರೇನ? ಬ್ಯಾಡ, ನಡೀರಿ ಊರಿಗೆ" ಅಂತ ಚೀಲ ಹಿಡಕೊಂಡು ಎದ್ದ ನಿಂತ್ರು.

ನಮ್ಮ ಮಂದಿ ಕಿವಿಗೆ ಗರ್ಭಪಾತ ಅಂದ್ರ ಮಾಡಿಸೋದು. ತಾನ ಆದ್ರ ‘ಬಸರು ಇಳೀತು’ ಅಂತಾರ, ಮಾಡಿಸಿದ್ರ ‘ತಗಸಿದ್ರು’. ಆದ್ರ ಸುಶ್ರುತ ಸಂಹಿತೆಯೊಳಗ ನಾಲ್ಕು ತಿಂಗಳ ತನಕ ಹೋದ್ರ ಸ್ರಾವ, ಐದು ಆರನೇ ತಿಂಗಳದಾಗ ಹೋದ್ರ ಪಾತ, ಎರಡೂ ತಾವಾಗೇ ಆಗೋವು, ಅಂದ್ರ ಹಾಳ್ಯಾಗಿನ ಪದ ಹಳೇ ಲೆಕ್ಕದಾಗ ಸರೀನ ಐತಿ, ಕೇಳವರಿಗೆ ಮಾತ್ರ ಬ್ಯಾರೆ ಅರ್ಥ ಹುಟ್ಟತೈತಿ. ಮತ್ತ ‘ಅಪಾಯವಿದೆ’ ಅಂದ್ರ ಆಗೇ ಬಿಡತೈತಿ ಅಂದಂಗ ಕೇಳಸ್ತದ. ನಮ್ಮಲ್ಲಿ ‘ಧೋಕಾ ಐತಿ’ ಅಂತಾರ, ಅದು ಇನ್ನೂ ಅಂಜಸೋ ಮಾತು.

ಡಾಕ್ಟರಬಾಯಿ ಕುಂತು ತಿಳಿಸಿ ಹೇಳಿದ್ರು. ಅರಿವಳಿಕಿ ಔಷಧದಿಂದ ಕೂಸಿಗೆ ಅಂಗ ಊನ ಆಗತೈತಿ ಅಂತ ಎಲ್ಲೂ ಸಿದ್ಧ ಆಗಿಲ್ಲ, ದಿನ ತುಂಬೂದ್ರಾಗ ಬ್ಯಾನಿ ಬರೋ ಸಂಭವ ಸ್ವಲ್ಪ ಇರತೈತಿ, ಆದ್ರ ಅಪೆಂಡಿಕ್ಸ್ ಒಡದ್ರ ಕೂಸು ಹೋಗೋ ಸಂಭವ ಭಾಳ ಹೆಚ್ಚಾಗತೈತಿ, ತಡಾ ಮಾಡೋದ ದೊಡ್ಡ ಗಂಡಾಂತರ ಅಂದ್ರು. ಬಲಗಡೆ ಸೊಂಟದ ಕೆಳಗ ಬಟ್ಟಿ ಮಡಚಿ ಇಟ್ಟು ಎಡಕ್ಕ ವಾಲಿಸಿ ಮಲಗಸ್ತೀವಿ, ಬಸರಿನ ಭಾರ ದೊಡ್ಡ ರಕ್ತನಾಳದ ಮ್ಯಾಲ ಬೀಳಬಾರದು ಅಂತ ಕೈ ವಾರಿ ಮಾಡಿ ತೋರಿಸಿದ್ರು. ಅದನ್ನ ನೋಡಿದ ಮ್ಯಾಲ ಅತ್ತಿಯವರು ಹೆಬ್ಬಟ್ಟ ಒತ್ತಿದ್ರು. ಈಗ ಆಕಿಗೆ ಆರು ತುಂಬ್ಯಾವು, ಆರಾಮ ಅದಾಳ.

ಇನ್ನೊಂದು ತೊಡಕು, ‘ಆಪರೇಷನ್ ಆಗೇತಿ’ ಅಂದ್ರ ನಮ್ಮ ಓಣ್ಯಾಗ ಮಕ್ಕಳಾಗದಂಗ ಮಾಡಿಸಿದ್ದು ಅಂತ ಅರ್ಥ, ಇಲ್ಲಾಂದ್ರ ಸಿಜರ್. ಬಸುರಿಗೆ ಬ್ಯಾರೆ ಆಪರೇಷನ್ ಅಂದ್ರ ಮಂದಿಗೆ ತಿಳೀವಲ್ದು.

ನಾ ಬರಕೊಂಡಿದ್ದು ಇಷ್ಟು: ‘ಆಪರೇಷನ್ ಆದ ಮ್ಯಾಲ ಬಸರು ತಾನಾಗಿ ಇಳಿಯೋ ಸಂಭವ ಇರಬಹುದು, ನಾವು ತಗಿಯೂದಿಲ್ಲ.’ ಬೆಳಗಾವಿ, ಬಾಗಲಕೋಟಿ ಕಡೆಯವರು, ಅದರಾಗೂ ನರ್ಸ್ ಅಕ್ಕೋರು, ಆಶಾ ಅಕ್ಕೋರು ಯಾರರೆ ಇದ್ರ ನೀವು ಯಾವ ಮಾತಿಲೆ ಹೇಳ್ತೀರಿ ಬರೀರಿ.